ಸಿಡಿಯದ ಕೊಳವೆಯೂ ಬಂದೂಕೇ!

ಹೊಸಪೇಟೆಯ ರಸ್ತೆಯಲ್ಲಿ ನಿಂತು ‘ಸೈಲೆನ್ಸರ್’ ಅಂದರೆ ಎಲ್ಲರ ಕಣ್ಣೂ ಬುಲೆಟ್ ಬೈಕಿನ ಹಿಂಬದಿಗೆ ಹೋಗುತ್ತದೆ. ಕಂಪನಿಯದನ್ನು ಕಿತ್ತು, ಕಿವಿ ಗುಂಯ್‌ಗುಡುವ ಸದ್ದಿನದನ್ನು ಹಾಕಿಸಿಕೊಂಡವರನ್ನು ಪೊಲೀಸರು ಹಿಡಿಯುತ್ತಾರೆ, ದಂಡ ಹಾಕುತ್ತಾರೆ. ರಾಜ್ಯದ ಹಲವು ಊರುಗಳಲ್ಲಿ ಅಂಥವನ್ನು ನಡುರಸ್ತೆಯಲ್ಲಿ ಸಾಲಾಗಿ ಮಲಗಿಸಿ ಮೇಲೆ ರೋಡ್ ರೋಲರ್ ಹತ್ತಿಸಿದ್ದೂ ಉಂಟು. ಈಗ ಇನ್ನೊಂದು ಕೊಳವೆ ಕಲ್ಪಿಸಿಕೊಳ್ಳಿ. ಗೇಣುದ್ದ, ಒಳಗೆ ಟೊಳ್ಳು, ಬಂದೂಕಿನ ಮೂತಿಗೆ ತಿರುಗಿಸಿ ಕೂರಿಸುವಂಥದ್ದು. ಅದರಲ್ಲಿ ಮದ್ದಿಲ್ಲ, ಗುಂಡಿಲ್ಲ, ಟ್ರಿಗರ್ ಇಲ್ಲ. ಮೇಜಿನ ಮೇಲಿಟ್ಟು ನೂರು ವರ್ಷ ಕಾದರೂ ಅದರಿಂದ ಒಂದು ಗುಬ್ಬಿಯೂ ಬೀಳದು. ಆದರೂ ಈ ದೇಶದ ಕಾನೂನಿನ ಕಣ್ಣಿಗೆ ಆ ಕೊಳವೆ ಬಂದೂಕು. ಬಂದೂಕಿನ ಜತೆಗಿದ್ದಾಗ ಮಾತ್ರವಲ್ಲ, ಒಂಟಿಯಾಗಿ ಬಿದ್ದಿದ್ದಾಗಲೂ!

ನಂಬಿಕೆ ಬರದಿದ್ದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಎರಡನೇ ಕಲಮು ತೆರೆಯಿರಿ. ‘ಫೈರ್ ಆರ್ಮ್ಸ್’ ಎಂದರೇನು ಎಂದು ಹೇಳುವ ಜಾಗ ಅದು. ಸ್ಫೋಟಕದ ಇಲ್ಲವೇ ಬೇರಾವುದಾದರೂ ಶಕ್ತಿಯ ಬಲದಿಂದ ಗುಂಡು ಹಾರಿಸುವ ಆಯುಧ ಎಂದು ನಾವು ನೀವು ಊಹಿಸುವಂತೆಯೇ ಶುರುವಾಗುತ್ತದೆ. ಆಮೇಲೆ ನೋಡಿ ಅದರ ಓಟ! ಹೊಡೆತದ ಸದ್ದನ್ನೋ ಬೆಳಕನ್ನೋ ತಗ್ಗಿಸುವ ಸಲಕರಣೆಯೂ ಬಂದೂಕು. ಬಂದೂಕಿನ ಬಿಡಿಭಾಗವೂ ಬಂದೂಕು. ಬಂದೂಕು ತಯಾರಿಸುವ ಯಂತ್ರವೂ ಬಂದೂಕು. ಅಲ್ಲಿಗೂ ನಿಲ್ಲಲಿಲ್ಲ. ಫಿರಂಗಿಯನ್ನು ಕೂರಿಸುವ, ಸಾಗಿಸುವ ಗಾಡಿ, ಅದಕ್ಕೆ ಹಾಕುವ ಕಟ್ಟೆ, ಅದರ ಚಾಕರಿಗೆ ಬೇಕಾದ ಸಾಮಾನು, ಅವೂ ಬಂದೂಕೇ!

ಇದನ್ನು ಓದಿದವರು ಒಮ್ಮೆ ಹಂಪಿಯ ಬೀದಿಯಲ್ಲಿ ನಡೆದು ಬರಬೇಕು. ಫಿರಂಗಿ ಹೊತ್ತ ಬಂಡಿಗಳು ಹೊರಟ ರಾಜಧಾನಿ ಅದು. ಅಂಥದೊಂದು ಬಂಡಿಯ ಅಚ್ಚು ಈಗ ಹೊಲದಲ್ಲಿ ಸಿಕ್ಕಿತು ಅನ್ನಿ, ಹೊತ್ತು ತಂದವನ ಮೇಲೆ ಕೇಸು ಬೀಳುತ್ತದೆಯೇ? ಬೀಳದು. ಯಾಕೆಂದರೆ ಅದೇ ಕಾಯ್ದೆಯ 45ನೇ ಕಲಮು ಹಿಂಬಾಗಿಲಲ್ಲಿ ನಿಂತು ಕೈ ಸನ್ನೆ ಮಾಡುತ್ತಿದೆ. ಕಾಲ ಮೀರಿದ, ಪುರಾತನ ಬೆಲೆಯ, ಕೆಟ್ಟುಹೋದ ಆಯುಧ, ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದ್ದಾಗಿದ್ದರೆ, ಅದಕ್ಕೆ ಈ ಕಾಯ್ದೆ ತಗಲುವುದಿಲ್ಲ. ಜತೆಯ ಭಾಗಗಳೊಡನೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಬಿಡಿಭಾಗಕ್ಕೂ ರಿಯಾಯಿತಿ ಇದೆ. (ಪುರಾತತ್ತ್ವ ಇಲಾಖೆಯವರು ಬೇರೆ ಕಾಯ್ದೆ ಹಿಡಿದು ಬಂದಾರು, ಆ ಮಾತು ಬೇರೆ.)

ಫಿರಂಗಿ ಗಾಡಿಯನ್ನು ಬಂದೂಕು ಅಂದವರು ಯಾರು? ಬ್ರಿಟಿಷರು. ವೈಸರಾಯ್ ಲಿಟ್ಟನ್ ಕಾಲದ 1878ರ ಕಾಯ್ದೆಯಲ್ಲೇ ಗಾಡಿ, ಕಟ್ಟೆ, ಸಾಮಾನು ಎಲ್ಲ ಫಿರಂಗಿಯ ಲೆಕ್ಕಕ್ಕೆ ಸೇರಿದ್ದವು. ಆ ಕಾಯ್ದೆಯಲ್ಲಿ ಬಿಲ್ಲು, ಬಾಣ, ಈಟಿಯ ಮೊನೆಗಳೂ ‘ಶಸ್ತ್ರ’ದ ಪಟ್ಟಿಯಲ್ಲಿದ್ದವು ಎಂಬುದನ್ನು ಓದಿದಾಗ ನಗಬೇಕೋ ಅಳಬೇಕೋ! ಒಂದು ದೇಶವನ್ನು ನಿಶ್ಶಸ್ತ್ರಗೊಳಿಸಲು ಹೊರಟವರು ಒಂದು ಸಂದೂ ಬಿಟ್ಟಿರಲಿಲ್ಲ. ಗಾಂಧೀಜಿ 1930ರ ಜನವರಿಯಲ್ಲಿ ವೈಸರಾಯ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆ ರದ್ದತಿಯ ಜತೆಗೆ ಆತ್ಮರಕ್ಷಣೆಗೆ ಬಂದೂಕಿನ ಪರವಾನಗಿ ಕೊಡಬೇಕೆಂಬುದೂ ಇತ್ತು. ಹೌದು, ಅಹಿಂಸೆಯ ಗಾಂಧೀಜಿಯೇ!

ಈಗ ನೇರ ನಮ್ಮ ನೆಲಕ್ಕೆ. 1520. ಕೃಷ್ಣದೇವರಾಯನ ಪಡೆ ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದೆ. ಸೈನಿಕರು ಹಾರೆ ಗುದ್ದಲಿ ಹಿಡಿದು ಗೋಡೆಯ ಕಲ್ಲು ಕೀಳುತ್ತಿದ್ದಾರೆ, ಕಿತ್ತ ಕಲ್ಲಿಗೆ ಕೂಲಿ ಸಿಗುತ್ತಿದೆ, ಮೇಲಿನಿಂದ ಬೀಳುವ ಹೊಡೆತಕ್ಕೆ ಜನ ಸಾಯುತ್ತಲೂ ಇದ್ದಾರೆ. ಆಗ ಕ್ರಿಸ್ಟೋವಾ ಡಿ ಫಿಗರೆಡೊ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಸುಮಾರು ಇಪ್ಪತ್ತು ಜನ ಸಂಗಡಿಗರೊಡನೆ ಬಂದು ಕೋವಿ ಏರಿಸಿದ. ಗೋಡೆಯ ಮೇಲೆ ತಲೆ ಎತ್ತಿದವರು ಒಬ್ಬೊಬ್ಬರಾಗಿ ಉರುಳಿದರು. ಕೆಳಗೆ ಏನಾಗುತ್ತಿದೆ ಎಂದು ಬಾಗಿ ನೋಡಿದ ಕೋಟೆಯ ಅಧಿಪತಿಯ ನಡುಹಣೆಗೇ ಗುಂಡು ಬಿತ್ತು! ಈ ಕಥೆಯನ್ನು ಹೇಳಿದವನು ಕುದುರೆ ವ್ಯಾಪಾರಕ್ಕೆಂದೇ ಬಂದಿದ್ದ ಫೆರ್ನಾವೋ ನ್ಯೂನಿಜ್. ಅವನಿಗಿಂತ ಮೊದಲು ಬಂದ ಡೊಮಿಂಗೊ ಪಾಯೆಸ್ ಹಂಪಿಯಲ್ಲಿ ಕಂಡ ಸೇನಾ ಪ್ರದರ್ಶನದಲ್ಲಿ ಕೋವಿ ಹಿಡಿದ ರಾಯನ ಪಡೆಯನ್ನೂ ಬಣ್ಣಿಸಿದ್ದಾನೆ.

ಆ ಕೋವಿಗಳಿಗೆ ಮದ್ದು, ಗುಂಡು ಎರಡನ್ನೂ ಮೂತಿಯಿಂದ ತುಂಬಿ ಸಲಾಕೆಯಿಂದ ಜಡಿಯಬೇಕಿತ್ತು. ಅಂಥದ್ದು ಸತ್ತು ಮ್ಯೂಸಿಯಂ ಸೇರಿತು ಅಂದುಕೊಂಡಿರಾ? 1959ರ ಕಾಯ್ದೆಯ 13ನೇ ಕಲಮಿನಲ್ಲಿ ಆ ಜಾತಿ ಇನ್ನೂ ಉಸಿರಾಡುತ್ತಿದೆ! ನಿಜವಾದ ಬೆಳೆ ರಕ್ಷಣೆಗೆ ಮೂತಿಯಿಂದ ತುಂಬುವ ಬಂದೂಕು ಬೇಕೆಂದು ಕೇಳಿದವರಿಗೆ ಪರವಾನಗಿ ಕೊಡುವ ಮಾತು ಅಲ್ಲಿದೆ. ಆತ್ಮರಕ್ಷಣೆಗೋ ಕ್ರೀಡೆಗೋ ಕೇಳಿದರೆ, ಒಳಮೈ ನುಣುಪಾದ, ನಳಿಗೆ ಇಪ್ಪತ್ತು ಇಂಚಿಗೆ ಕಡಿಮೆ ಇಲ್ಲದ ಬಂದೂಕು. ಇಪ್ಪತ್ತು ಇಂಚು ಅಂತ ಕಾಯ್ದೆಯಲ್ಲೇ ಅಳತೆ ಬರೆದಿಟ್ಟಿದ್ದಾರೆ, ನಳಿಗೆ ಗಿಡ್ಡವಾದಷ್ಟೂ ಬಟ್ಟೆಯೊಳಗೆ ಬಚ್ಚಿಡುವುದು ಸಲೀಸು. ಕಂಪ್ಲಿಯ ಬಾಳೆ, ಕಬ್ಬು, ಭತ್ತದ ಗದ್ದೆಗೆ ಹಂದಿ ನುಗ್ಗಿದಾಗ ರೈತ ನೆನೆಯುವುದು ಇಂಥ ಬಂದೂಕನ್ನೇ. ಆದರೆ ಸಂಡೂರಿನ ಗುಡ್ಡಗಳ ಕಡೆಯಿಂದ, ದರೋಜಿಯ ಕಾಡಿನಿಂದ ಇಳಿದು ಬರುವ ಕರಡಿಯ ಮುಂದೆ ಪರವಾನಗಿ ನಡೆಯುವುದಿಲ್ಲ. 1994ರಲ್ಲಿ ಘೋಷಣೆಯಾದ ಕರಡಿಧಾಮ ಅದು. ಕರಡಿಯನ್ನು ವನ್ಯಜೀವಿ ಕಾಯ್ದೆ ಮೊದಲ ಸಾಲಿನಲ್ಲಿಟ್ಟು ಕಾಯುತ್ತಿದೆ.

ಮತ್ತೆ ಆ ಕೊಳವೆಗೆ ಬರೋಣ. ಅದರ ಹುಟ್ಟಿನ ಕಥೆ ಗೊತ್ತಾದ ಮೇಲೆ ಸುಮ್ಮನಿರಲು ಆಗುವುದಿಲ್ಲ. ಹಿರಮ್ ಸ್ಟೀವನ್ಸ್ ಮ್ಯಾಕ್ಸಿಮ್ ಎಂಬಾತ 1884ರ ಹೊತ್ತಿಗೆ ಒಂದು ಬಂದೂಕು ಮಾಡಿದ. ಬಂದೂಕು ಹೊಡೆದಾಗ ಭುಜಕ್ಕೆ ಒದೆಯುತ್ತದಲ್ಲ, ಆ ಒದೆತವನ್ನೇ ಹಿಡಿದು ಪಳಗಿಸಿದ. ಒದೆತದ ಬಲದಿಂದಲೇ ಖಾಲಿ ತೋಟಾ ಹೊರಬಿದ್ದು ಹೊಸದು ಒಳಗೆ ಕೂರುತ್ತದೆ, ತಾನಾಗಿಯೇ ಮತ್ತೆ ಹೊಡೆಯುತ್ತದೆ. ಜಗತ್ತಿನ ಮೊದಲ ನಿಜವಾದ ಮೆಷಿನ್ ಗನ್! ಅದರ ಸದ್ದಿನಲ್ಲೇ ಬದುಕಿದ ಆತನ ಕಿವಿ ಮಂದವಾಯಿತು. ಅವನ ಮಗ ಹಿರಮ್ ಪರ್ಸಿ ಮ್ಯಾಕ್ಸಿಮ್ ಏನು ಮಾಡಿದ ಗೊತ್ತೇ? 1909ರಲ್ಲಿ ಬಂದೂಕಿನ ಸೈಲೆನ್ಸರಿಗೆ ಪೇಟೆಂಟ್ ಪಡೆದ! ಅಪ್ಪ ನಿಲ್ಲದೆ ಮೊಳಗುವ ಬಂದೂಕು ಕೊಟ್ಟ, ಮಗ ಬಂದೂಕಿನ ಬಾಯಿ ಮುಚ್ಚುವ ಕೊಳವೆ ಕೊಟ್ಟ. ವಾಹನದ ಎಂಜಿನ್ನಿನ ಸದ್ದಡಗಿಸುವ ಸಲಕರಣೆಯ ಮೇಲೂ ಅದೇ ಮಗ ಕೆಲಸ ಮಾಡಿದ್ದ. ನಮ್ಮ ಬುಲೆಟ್ಟಿನ ಹಿಂಬದಿಗೂ ಬಂದೂಕಿನ ಮೂತಿಗೂ ಇರುವ ನಂಟು ಇದು. ಬೈಕಿನ ಸದ್ದು ಏರಿಸಿದರೆ ತಪ್ಪು, ಬಂದೂಕಿನ ಸದ್ದು ಇಳಿಸಿದರೆ ತಪ್ಪು!

ಇಳಿಯುವುದಾದರೂ ಎಷ್ಟು? ಸಿನಿಮಾದ ಖಳನಾಯಕ ಹೊಡೆದಾಗ ಬರುವ ‘ಫುಟ್’ ಎಂಬ ಸದ್ದು ಶುದ್ಧ ಸುಳ್ಳು. ರೈಫಲಿನ ಹೊಡೆತ ಸುಮಾರು 160 ಡೆಸಿಬಲ್. ಒಳ್ಳೆಯ ಸೈಲೆನ್ಸರ್ ಅದರಲ್ಲಿ 20ರಿಂದ 35 ಡೆಸಿಬಲ್ ಕಳೆಯುತ್ತದೆ. ಉಳಿದದ್ದೇ ಕಿವಿಗೆ ಬಡಿಯುವಷ್ಟಿರುತ್ತದೆ. ಮದ್ದು ಉರಿದು ಹುಟ್ಟಿದ ಬಿಸಿ ಅನಿಲ ಒಮ್ಮೆಲೇ ಹೊರಗೆ ನುಗ್ಗುವುದಕ್ಕೆ ಢಂ ಎನ್ನುತ್ತದೆ. ಕುಕ್ಕರಿನ ಮುಚ್ಚಳ ಒಮ್ಮೆಲೇ ತೆಗೆಯದೆ ಆವಿಯನ್ನು ನಿಧಾನಕ್ಕೆ ಬಿಡುವ ಹಾಗೆ, ಕೊಳವೆಯೊಳಗಿನ ತಡೆಗಳು ಆ ಅನಿಲವನ್ನು ಸುತ್ತಾಡಿಸಿ ತಣಿಸಿ ಬಿಡುತ್ತವೆ. ಅಷ್ಟೇ ಅದರ ಗುಟ್ಟು.

ಇಷ್ಟು ಸಣ್ಣ ಕೊಳವೆಯ ಸುತ್ತ ಅಮೆರಿಕದ ನ್ಯಾಯಾಲಯಗಳಲ್ಲಿ ನಡೆಯುತ್ತಿರುವ ಜಟಾಪಟಿ ಕೇಳಿ. ಅವರಲ್ಲೂ 1934ರ ಕಾಯ್ದೆ ಸೈಲೆನ್ಸರನ್ನು ಬಂದೂಕು ಎಂದೇ ಕರೆದು 200 ಡಾಲರ್ ತೆರಿಗೆ, ನೋಂದಣಿ ಎರಡನ್ನೂ ಹೇರಿತು. ಆದರೆ ಅಲ್ಲಿನ ಸಂವಿಧಾನದ ಎರಡನೇ ತಿದ್ದುಪಡಿ ಜನರಿಗೆ ಆಯುಧ ಇಟ್ಟುಕೊಳ್ಳುವ ಹಕ್ಕು ಕೊಟ್ಟಿದೆ. ಹಾಗಾದರೆ ಸೈಲೆನ್ಸರ್ ಇಟ್ಟುಕೊಳ್ಳುವುದೂ ಹಕ್ಕೇ? ಪೀಟರ್ಸನ್ ಎಂಬಾತನ ಪ್ರಕರಣದಲ್ಲಿ ಅಲ್ಲಿನ ಐದನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2025ರ ಫೆಬ್ರವರಿಯಲ್ಲಿ ಹೇಳಿದ್ದು: ಅದು ಆಯುಧವೇ ಅಲ್ಲ, ಬರೀ ಸಲಕರಣೆ, ಸಂವಿಧಾನದ ರಕ್ಷಣೆ ಅದಕ್ಕಿಲ್ಲ! ಅದೇ ಪೀಠ ಆಗಸ್ಟಿನಲ್ಲಿ ತೀರ್ಪು ತಿದ್ದಿತು. ರಕ್ಷಣೆ ಇದೆ ಎಂದೇ ಇಟ್ಟುಕೊಂಡರೂ ನೋಂದಣಿ ಮಾಡಿಸಿ ಎನ್ನುವುದು ತಪ್ಪಲ್ಲ ಎಂದಿತು. ಈಗ ಹೊಸ ಕಾಯ್ದೆಯೊಂದು ಆ 200 ಡಾಲರನ್ನು 2026ರ ಜನವರಿ 1ರಿಂದ ಸೊನ್ನೆಗೆ ಇಳಿಸಿದೆ. ತೆರಿಗೆಯೇ ಇಲ್ಲದ ಮೇಲೆ ತೆರಿಗೆಯ ಹೆಸರಲ್ಲಿ ಹುಟ್ಟಿದ ನೋಂದಣಿ ಯಾಕೆ ಎಂದು ಮತ್ತೆ ಕೋರ್ಟು ಮೆಟ್ಟಿಲು!

ಇಲ್ಲೇ ನನಗೆ ರೋಮಾಂಚನವಾದದ್ದು. ನಮ್ಮಲ್ಲಿ ‘ಇದೂ ಬಂದೂಕೇ’ ಎನ್ನುವ ಕಾರಣಕ್ಕೆ ಕೊಳವೆ ಕಾನೂನಿನ ಕೈಗೆ ಸಿಗುತ್ತದೆ. ಅವರಲ್ಲಿ ‘ಇದು ಆಯುಧವೇ ಅಲ್ಲ’ ಎಂದರೆ ಸಿಗುತ್ತದೆ. ಹಕ್ಕು ಇರುವ ನಾಡಿನಲ್ಲಿ ಸರ್ಕಾರದ ವಕೀಲ ವಸ್ತುವನ್ನು ಕಿರಿದು ಮಾಡಿ ತೋರಿಸಬೇಕು, ಪರವಾನಗಿಯ ನಾಡಿನಲ್ಲಿ ಹಿರಿದು ಮಾಡಿ ತೋರಿಸಬೇಕು. ಹತ್ತಕ್ಕಿಂತ ಹೆಚ್ಚು ತೋಟಾ ಹಿಡಿಯುವ ಮ್ಯಾಗಜಿನ್ನುಗಳಿಗೆ ಕ್ಯಾಲಿಫೋರ್ನಿಯಾ ಹಾಕಿದ ನಿಷೇಧವನ್ನು 2025ರ ಮಾರ್ಚಿನಲ್ಲಿ ಒಂಬತ್ತನೇ ಸರ್ಕಿಟ್ ನ್ಯಾಯಾಲಯ 7–4ರಿಂದ ಎತ್ತಿ ಹಿಡಿದದ್ದೂ ಇದೇ ದಾರಿಯಲ್ಲಿ, ದೊಡ್ಡ ಮ್ಯಾಗಜಿನ್ ಆಯುಧವಲ್ಲ, ಸಲಕರಣೆ ಎಂದು. ಒಪ್ಪದ ನ್ಯಾಯಮೂರ್ತಿ ಲಾರೆನ್ಸ್ ವ್ಯಾನ್‌ಡೈಕ್ ತಮ್ಮ ಕೊಠಡಿಯಲ್ಲೇ ಪಿಸ್ತೂಲುಗಳನ್ನು ಬಿಚ್ಚಿ, ‘ಬಿಡಿಸುತ್ತ ಹೋದರೆ ಎಲ್ಲವೂ ಸಲಕರಣೆಯೇ, ಬಂದೂಕು ಉಳಿಯುವುದೆಲ್ಲಿ’ ಎಂಬ ಧಾಟಿಯಲ್ಲಿ ವಿಡಿಯೋ ಮಾಡಿ ಭಿನ್ನಮತದ ಜತೆ ಲಗತ್ತಿಸಿದರು. ನ್ಯಾಯಮೂರ್ತಿಯ ಮೇಜಿನ ಮೇಲೆ ಪಿಸ್ತೂಲು, ತೀರ್ಪಿನ ಜತೆ ಯೂಟ್ಯೂಬು!

ಎಲ್ಲಕ್ಕಿಂತ ದೊಡ್ಡ ಕಾಳಗ ನಡೆದದ್ದು ಪ್ಲಾಸ್ಟಿಕ್ಕಿನ ಒಂದು ಹಿಡಿಗಾಗಿ. ‘ಬಂಪ್ ಸ್ಟಾಕ್’ ಅದರ ಹೆಸರು. ರೈಫಲಿನ ಹಿಂಬದಿಗೆ ಇದನ್ನು ಜೋಡಿಸಿದರೆ ಒದೆತಕ್ಕೆ ಇಡೀ ರೈಫಲು ಹಿಂದಕ್ಕೆ ಜಾರುತ್ತದೆ, ಎಡಗೈ ಅದನ್ನು ಮುಂದಕ್ಕೆ ತಳ್ಳುತ್ತಿದ್ದರೆ ಟ್ರಿಗರ್ ತಾನೇ ಬಂದು ನಿಂತಲ್ಲೇ ನಿಂತ ಬೆರಳಿಗೆ ಗುದ್ದುತ್ತದೆ. ನಿಮಿಷಕ್ಕೆ ನಾನೂರಕ್ಕೂ ಮೇಲೆ ಗುಂಡು! ದೊಡ್ಡ ಮ್ಯಾಕ್ಸಿಮ್ ಪಳಗಿಸಿದ ಅದೇ ಒದೆತ, ನೂರಮೂವತ್ತು ವರ್ಷ ದಾಟಿ, ಅಗ್ಗದ ಪ್ಲಾಸ್ಟಿಕ್ಕಿನಲ್ಲಿ. 2017ರ ಅಕ್ಟೋಬರ್ 1ರ ರಾತ್ರಿ ಲಾಸ್ ವೇಗಸ್ಸಿನ ಹೋಟೆಲ್ ಕಿಟಕಿಯಿಂದ ಒಬ್ಬಾತ ಸಂಗೀತ ಕೇಳಲು ಸೇರಿದ್ದ ಜನರ ಮೇಲೆ ಇಂಥ ರೈಫಲುಗಳಿಂದ ಹತ್ತೇ ನಿಮಿಷದಲ್ಲಿ ಸಾವಿರಕ್ಕೂ ಹೆಚ್ಚು ಗುಂಡು ಹಾರಿಸಿದ. ಸತ್ತವರು ಅರವತ್ತು ಜನ. ಮರುವರ್ಷ ಡಿಸೆಂಬರಿನಲ್ಲಿ ಅಲ್ಲಿನ ಬಂದೂಕು ನಿಯಂತ್ರಣ ಇಲಾಖೆ ‘ಬಂಪ್ ಸ್ಟಾಕ್ ಹಾಕಿದ ರೈಫಲು ಮೆಷಿನ್ ಗನ್ನೇ’ ಎಂದು ನಿಯಮ ಬರೆಯಿತು, ಇಟ್ಟುಕೊಂಡವರು ನಾಶ ಮಾಡಬೇಕು ಇಲ್ಲವೇ ಒಪ್ಪಿಸಬೇಕು ಎಂದಿತು. ಕಾರ್ಗಿಲ್ ಎಂಬ ಟೆಕ್ಸಾಸಿನ ಬಂದೂಕು ವ್ಯಾಪಾರಿ ತಮ್ಮಲ್ಲಿದ್ದ ಎರಡನ್ನು ಒಪ್ಪಿಸಿ ದಾವೆ ಹೂಡಿದರು.

1934ರ ಕಾಯ್ದೆಯ ಪ್ರಕಾರ ಟ್ರಿಗರಿನ ಒಂದೇ ಕ್ರಿಯೆಗೆ ತಾನಾಗಿ ಒಂದಕ್ಕಿಂತ ಹೆಚ್ಚು ಗುಂಡು ಹಾರಿದರೆ ಅದು ಮೆಷಿನ್ ಗನ್. ಇಡೀ ದೇಶದ ಕಣ್ಣು ಆ ‘ಒಂದೇ ಕ್ರಿಯೆ’ಯ ಮೇಲೆ! ಬೆರಳು ಅಲ್ಲಾಡುವುದಿಲ್ಲ, ಆದ್ದರಿಂದ ಒಂದೇ ಕ್ರಿಯೆ ಎಂದಿತು ಸರ್ಕಾರ. ಬೆರಳಿನ ಮಾತೇಕೆ, ಟ್ರಿಗರ್ ಪ್ರತಿ ಗುಂಡಿಗೂ ಹಿಂದೆ ಹೋಗಿ ಮರಳಿ ಬರುತ್ತದಲ್ಲ ಎಂದರು ವ್ಯಾಪಾರಿ. 2024ರ ಜೂನ್ 14ರಂದು ಅಮೆರಿಕದ ಸುಪ್ರೀಂ ಕೋರ್ಟು ಗಾರ್ಲೆಂಡ್ ವಿರುದ್ಧ ಕಾರ್ಗಿಲ್ ಪ್ರಕರಣದಲ್ಲಿ 6–3ರಿಂದ ವ್ಯಾಪಾರಿಯ ಪರ ನಿಂತಿತು. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಬರೆದ ತೀರ್ಪಿನಲ್ಲಿ ಟ್ರಿಗರಿನ ಒಳಗಿನ ಕೊಕ್ಕೆ, ಸ್ಪ್ರಿಂಗುಗಳ ಚಿತ್ರಗಳೇ ಇವೆ. ಫಿಟ್ಟರ್ ಓದುವ ಪುಸ್ತಕದಂತಿದೆ ದೇಶದ ಅತ್ಯುನ್ನತ ತೀರ್ಪು! ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಒಪ್ಪಲಿಲ್ಲ. ಮೆಷಿನ್ ಗನ್ನಿನಂತೆ ಕೊಲ್ಲುವುದನ್ನು ಬೇರೇನೆಂದು ಕರೆಯುವುದು ಎಂಬುದು ಅವರ ವಾದದ ತಿರುಳು. ನನ್ನ ಮನಸ್ಸು ಅವರ ಕಡೆಗೆ, ಆದರೆ ತೀರ್ಪು ಅವರದಲ್ಲ.

ಇದೇ ಜಗಳ ನಮ್ಮಲ್ಲಿ ಬಂದರೆ? ನಮ್ಮ ಕಾಯ್ದೆಯ ‘ನಿಷೇಧಿತ ಶಸ್ತ್ರ’ದ ವಿವರಣೆ ನೋಡಿ. ಟ್ರಿಗರ್ ಮೇಲೆ ಒತ್ತಡ ಹಾಕಿದರೆ, ಆ ಒತ್ತಡ ತೆಗೆಯುವ ತನಕ ಇಲ್ಲವೇ ಮ್ಯಾಗಜಿನ್ ಬರಿದಾಗುವ ತನಕ ಗುಂಡು ಹಾರುತ್ತಲೇ ಇರುವಂತೆ ರಚಿಸಿದ ಅಥವಾ ಮಾರ್ಪಡಿಸಿದ ಬಂದೂಕು. ಇಲ್ಲೂ ‘ಒತ್ತಡ’ ಎಂದರೇನು ಎಂದು ವಕೀಲರು ದಿನಗಟ್ಟಲೆ ವಾದಿಸಬಹುದಿತ್ತು. ಆದರೆ ಅದೇ ವಾಕ್ಯದ ಬಾಲದಲ್ಲಿ ಬೀಗದ ಕೈ ಇದೆ: ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಪ್ರಕಟಿಸಿ ಬೇರಾವ ಶಸ್ತ್ರವನ್ನೂ ಆ ಪಟ್ಟಿಗೆ ಸೇರಿಸಬಹುದು! ಅಮೆರಿಕದ ಇಲಾಖೆ ಸೋತದ್ದು ಈ ಲೇಖನಿ ಅದರ ಕೈಯಲ್ಲಿ ಇರಲಿಲ್ಲವಾದ್ದರಿಂದ. ನಮ್ಮಲ್ಲಿ ಸಂಸತ್ತು ಅದನ್ನು 1959ರಲ್ಲೇ ಕೊಟ್ಟುಬಿಟ್ಟಿದೆ.

ಆಯುಧ ಇಟ್ಟುಕೊಳ್ಳುವುದು ನಮ್ಮಲ್ಲೂ ಮೂಲಭೂತ ಹಕ್ಕಾಗುವುದರಲ್ಲಿತ್ತು ಎಂದರೆ ನಂಬುತ್ತೀರಾ? 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು, ಆ ಹಕ್ಕು ಇತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎದ್ದು ನಿಂತು ಅದನ್ನು ಸೇರಿಸಿ ಎಂದು ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್! ಐಸಿಎಸ್ ಬಿಟ್ಟು ಸುಭಾಷರ ಹಾದಿ ಹಿಡಿದವರು. ಅಂಬೇಡ್ಕರ್ ಒಪ್ಪಲಿಲ್ಲ, ಸಭೆ ತಳ್ಳಿಹಾಕಿತು. ಉಳಿದದ್ದು 19ನೇ ವಿಧಿಯಲ್ಲಿ ಶಾಂತಿಯಿಂದ, ಆಯುಧವಿಲ್ಲದೆ ಸಭೆ ಸೇರುವ ಹಕ್ಕು ಮಾತ್ರ.

ಹಕ್ಕಿಲ್ಲದ ಕಡೆ ಮೊಕದ್ದಮೆ ತಲೆಕೆಳಗಾಗಿ ಹುಟ್ಟುತ್ತದೆ, ಅದೂ ನಮ್ಮ ರಾಜ್ಯದಲ್ಲೇ. ಅಮೆರಿಕದಲ್ಲಿ ನಿಷೇಧ ಯಾಕೆ ಎಂದು ಕೇಳಿದರೆ, ಬೆಂಗಳೂರಿನ ಹೈಕೋರ್ಟಿನಲ್ಲಿ ರಿಯಾಯಿತಿ ಯಾಕೆ ಎಂದು ಕೇಳಿದರು! ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿ ಬೇಕಿಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಪ್ರಕಟಣೆಯಿಂದ ಬಂದ ವಿನಾಯಿತಿ ಅದು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ, ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ನಾಡು. ಕಾಯ್ದೆಯ 41ನೇ ಕಲಮಿನಂತೆ ಕೇಂದ್ರ 2019ರ ಅಕ್ಟೋಬರಿನಲ್ಲಿ ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. ಜನಾಂಗ ಮತ್ತು ಭೂಮಿಯ ಆಧಾರದಲ್ಲಿ ಇಂಥ ಭೇದ ಸಮಾನತೆಗೆ ವಿರುದ್ಧ ಎಂದು ನಿವೃತ್ತ ಸೇನಾಧಿಕಾರಿಯೊಬ್ಬರು ಪ್ರಶ್ನಿಸಿದರು. 2021ರ ಸೆಪ್ಟೆಂಬರ್ 22ರಂದು ಹೈಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಸ್ವಾತಂತ್ರ್ಯಕ್ಕೂ ಮುಂಚಿನಿಂದ ಬಂದದ್ದು, ಕೊನೆಯಿಲ್ಲದ ರಿಯಾಯಿತಿಯೂ ಅಲ್ಲ, ಅವಧಿ ಗೊತ್ತುಮಾಡಿ ಕೊಟ್ಟದ್ದು ಎಂಬುದು ಅದರ ನೋಟ. ಕಂಪ್ಲಿಯ ರೈತ ಜಿಲ್ಲಾಧಿಕಾರಿ ಕಚೇರಿಗೆ ಅಲೆದು ಪಡೆಯಬೇಕಾದ ಕಾಗದ ಕೊಡವನಿಗೆ ಬೇಕೇ ಇಲ್ಲ. ಕೋರ್ಟು ಸರಿ ಎಂದಿದೆ. ನನಗೆ ಕೊಂಚ ಹೊಟ್ಟೆಕಿಚ್ಚು ಇದೆ.

ಸಂಡೂರು, ಕಂಪ್ಲಿ, ಹೊಸಪೇಟೆಯ ಹಳೆಯ ಮನೆಗಳ ಅಟ್ಟದಲ್ಲಿ ಅಜ್ಜನ ಕಾಲದ ಬಂದೂಕೋ, ಬರೀ ನಳಿಗೆಯೋ ಇದ್ದರೆ ಒಂದು ಮಾತು. ‘ಕೆಟ್ಟು ಹೋಗಿದೆ, ನಡೆಯುತ್ತದೆ’ ಎಂದು ಸುಮ್ಮನಿರಬೇಡಿ. ರಿಪೇರಿಯಾದರೆ ಸಿಡಿಯುತ್ತದೆ ಎನ್ನುವಂತಿದ್ದರೆ 45ನೇ ಕಲಮು ನಿಮ್ಮ ಕೈ ಹಿಡಿಯದು. ಪರವಾನಗಿ ಇದ್ದವರು ತೀರಿಕೊಂಡಿದ್ದರೆ, ಅವಧಿ ಮುಗಿದಿದ್ದರೆ, 21ನೇ ಕಲಮಿನಂತೆ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲೋ ಒಪ್ಪಿಸಿ, ರಸೀದಿ ಕೇಳಿ ಪಡೆದುಕೊಳ್ಳಿ.